ಭಾಲ್ಕಿಯ ನೆಲಮಾಳಿಗೆಗೆ ಬಾಗಿಲು ಕೊರೆದದ್ದು

ಆ ನೆಲಮಾಳಿಗೆಗೆ ನಾನು ಮೊದಲ ಸಲ ಇಳಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಮೇಲೆ ಅಷ್ಟು ಹೊತ್ತಿಗೇ ಬಿಸಿಲು ಚುರುಗುಡುತ್ತಿತ್ತು. ಹನ್ನೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಬೆನ್ನ ಮೇಲಿನ ಬೆವರು ತಣ್ಣಗಾಯಿತು. ಕಂಪೌಂಡರ್ ಸಾಬರು ಬ್ಯಾಟರಿ ಹಿಡಿದು ನಿಂತಿದ್ದರು. ನಾನು ಟೇಪಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟು ಅಳತೆ ಶುರು ಮಾಡಿದೆ.

ಸಾಬರು ಸರಕಾರಿ ದವಾಖಾನೆಯಲ್ಲಿ ಔಷಧಿ ಕೊಡುತ್ತಿದ್ದು ನಿವೃತ್ತರಾದವರು. ಹಿಂದಿನ ದಸರಾ ಹೊತ್ತಿಗೆ ಅವರ ಹೆಂಡತಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಬಿಸಿಲು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನವಿಡೀ ಕರೆಂಟು ಇರುತ್ತಿರಲಿಲ್ಲ.

"ಮ್ಯಾಲಿನ ಮನಿ ಭಟ್ಟಿ ಆಗ್ಯದ, ಬೇಟಿ," ಎಂದರು ಸಾಬರು. "ಇದು ನಮ್ಮ ಅಬ್ಬಾ ತೊಗರಿ ಇಡ್ಲಾಕ ಕಟ್ಟಿಸಿದ ತಹಖಾನಾ. ಎರಡು ವರ್ಷ ಆತು ಮಳಿ ಇಲ್ಲ, ಇಡ್ಲಾಕ ತೊಗರಿ ಎಲ್ಲಿ ಬಂತು? ಇದನ್ನೇ ಆಕಿಗಿ ಮನಿ ಮಾಡಿಕೊಡ್ರಿ. ಮಲಗೋದು, ಕೂಡೋದು, ಬಚ್ಚಲ, ಎಲ್ಲಾ ಇಲ್ಲೇ ಆಗಬೇಕು."

ಆ ಮಾತು ಕೇಳಿ ನನಗಾದ ಸಂತೋಷ ಎಷ್ಟೆಂದು ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಬೀದರಿನ ನೌಬಾದದಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂತು ನಾನು ಮನೆಗಳ ನಕ್ಷೆ ಬರೆಯುತ್ತಿದ್ದೆ. ಜನ ಬರುತ್ತಿದ್ದುದು ನಗರಸಭೆಯ ಪರವಾನಗಿಗೆ ಒಂದು ಕಾಗದ ಬೇಕೆಂದು. ಕಾಗದ ಕಡತ ಸೇರಿದ ಮೇಲೆ ಗೌಂಡಿ ತನ್ನ ಮನಸ್ಸಿಗೆ ಬಂದಂತೆ ಕಟ್ಟುತ್ತಿದ್ದ. ಒಬ್ಬರು ಎಲ್ಲಿ ಮಲಗಬೇಕು, ಎದ್ದು ಎಷ್ಟು ಹೆಜ್ಜೆ ನಡೆಯಬೇಕು, ಕೈ ಎಲ್ಲಿ ಊರಬೇಕು ಎಂದು ಯೋಚಿಸಿ ಬರೆಯಿರಿ ಎಂದು ನನ್ನನ್ನು ಕೇಳಿದವರು ಆತನಕ ಯಾರೂ ಇರಲಿಲ್ಲ.

ರಸ್ತೆ ಕಡೆಯಿಂದ ಹಿತ್ತಿಲ ಕಡೆಗೆ ಇಪ್ಪತ್ತೆಂಟು ಅಡಿ ಉದ್ದ, ಹದಿನಾರು ಅಡಿ ಅಗಲ. ಒಂದೂವರೆ ಅಡಿ ದಪ್ಪದ ಕೆಂಪುಕಲ್ಲಿನ ಗೋಡೆಗಳು. ಮೇಲೆ ಕಬ್ಬಿಣದ ಗರ್ಡರು, ಗರ್ಡರಿನ ಮೇಲೆ ಫರಸಿ, ಅಂದರೆ ಕಲ್ಲಿನ ಚಪ್ಪಡಿ. ನೆಲದಿಂದ ಗರ್ಡರಿಗೆ ಎಂಟು ಅಡಿ ಮೂರು ಇಂಚು. ಊರು ಅಲ್ಲಿ ಇಳಿಜಾರು. ಹಾಗಾಗಿ ರಸ್ತೆ ಕಡೆಯ ಗೋಡೆ ಪೂರ್ತಿ ಮಣ್ಣೊಳಗಿತ್ತು. ಹಿತ್ತಿಲ ಕಡೆಯ ಗೋಡೆ ಬಯಲಿಗಿತ್ತು. ಅದರಲ್ಲಿ ಸೂರಿನ ಹತ್ತಿರ ಎರಡು ಸಣ್ಣ ಕಿಂಡಿಗಳು ಮಾತ್ರ.

ಹತ್ತು ದಿನ ಕೂತು ನಕ್ಷೆ ಮಾಡಿದೆ. ಒಂಬತ್ತು ಇಂಚು ಎತ್ತರದ ಹಳೆಯ ಮೆಟ್ಟಿಲುಗಳನ್ನು ಖಾಲಾ ಇಳಿಯುವುದು ಸಾಧ್ಯವಿರಲಿಲ್ಲ. ಆರಾರು ಇಂಚಿನ ಹದಿನೆಂಟು ಮೆಟ್ಟಿಲು, ನಡುವೆ ತಿರುವಿನಲ್ಲಿ ನಿಂತು ಉಸಿರಾಡಲು ಒಂದು ಕಟ್ಟೆ. ಇಳಿಯುವಾಗ ಅವರ ಎಡಗೈಗೆ ಆಸರೆ ಬೇಕು. ಹತ್ತುವಾಗ ಅದೇ ಎಡಗೈ ಎದುರು ಗೋಡೆ ಕಡೆ ಬರುತ್ತದೆ. ಆದ್ದರಿಂದ ಎರಡೂ ಕಡೆ ಕಂಬಿ. ಅತ್ಯಂತ ತಂಪಾದ ರಸ್ತೆ ಕಡೆಯ ಗೋಡೆಗೆ ಹಾಸಿಗೆ. ಗಟಾರು ಹಿತ್ತಿಲ ಆಚೆಯ ಓಣಿಯಲ್ಲಿದ್ದುದರಿಂದ ಹಿಂದಿನ ಗೋಡೆಗೆ ಬಚ್ಚಲು. ಬಣ್ಣದ ಪೆನ್ಸಿಲಿನಲ್ಲಿ ಹಾಸಿಗೆಯ ಹೊದಿಕೆ ಕೂಡ ಬರೆದೆ.

ನಕ್ಷೆ ತೋರಿಸಲು ಹೋದ ದಿನವೇ ಅವಳು ಅಲ್ಲಿದ್ದಳು.

ನೆಲಕ್ಕೆ ಫರಸಿ ಹಾಕಲು ಸಾಬರು ಕರೆಸಿದ್ದ ಹೆಂಗಸು. ಔರಾದ ಕಡೆಯ ಠಾಣಾ ಕುಶನೂರಿನವಳು, ನನ್ನದೇ ವಯಸ್ಸು. ಹಿಂದಿನೊಂದು ಬರಗಾಲದಲ್ಲಿ ಗಂಡನ ಜೊತೆ ಪುಣೆಗೆ ಹೋದವಳು, ಮೊದಲು ಉಸುಕು ಹೊತ್ತು, ಆಮೇಲೆ ಫರಸಿ, ಟೈಲ್ಸು ಕೂಡಿಸುವುದನ್ನು ಕಲಿತವಳು. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಎರಡು ತಿಂಗಳ ಮಟ್ಟಿಗೆ ಬಂದಿದ್ದಳು. ಆ ವರ್ಷ ಔರಾದದಿಂದ ಪುಣೆ, ಹೈದರಾಬಾದ್ ಕಡೆಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಬರುವ ಬಸ್ಸುಗಳು ಖಾಲಿ. ಅಂಥ ಒಂದು ಖಾಲಿ ಬಸ್ಸಿನಲ್ಲಿ ಬಂದಿದ್ದೆ ಎಂದು ಅವಳು ಆಮೇಲೊಮ್ಮೆ ನಗುತ್ತ ಹೇಳಿದಳು.

ನಾನು ಇಳಿದಾಗ ಅವಳು ನೆಲದ ಮೇಲೆ ಅಂಗಾತ ಮಲಗಿದ್ದಳು. ಸೆರಗು ಮಡಿಚಿ ತಲೆಗಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ನಿದ್ದೆ ಹೋಗಿದ್ದಾಳೆಂದುಕೊಂಡೆ. ಎದ್ದಳು, ನಾಲ್ಕು ಹೆಜ್ಜೆ ಸರಿದಳು, ಮತ್ತೆ ಮಲಗಿದಳು.

"ಏನ್ ಮಾಡ್ಲತ್ತೀ?" ಎಂದೆ.

"ಗಾಳಿ ಎಲ್ಲಿಂದ ಬರ್ತದ ನೋಡ್ಲತ್ತಿನ್ರಿ ಮೇಡಮ್ಮೋರೆ. ನಿಂತ್ರ ತಿಳಿಯಂಗಿಲ್ರಿ. ಮಲಗಾಕಿಗಿ ತಿಳೀತದ."

ಸಾಬರು ನನ್ನ ಹಾಳೆಯನ್ನು ಅವಳ ಮುಂದೆ ಹಿಡಿದರು. ಓದು ಬರಹ ಅಷ್ಟಕ್ಕಷ್ಟೇ ಎಂದು ನನಗೆ ಆಮೇಲೆ ತಿಳಿಯಿತು. ಆದರೆ ನಕ್ಷೆಯನ್ನು ಅವಳು ನನಗಿಂತ ಬೇಗ ಓದಿದಳು. ಉಗುರಿನಿಂದ ಹಾಸಿಗೆಯ ಮೇಲೆ ಒತ್ತಿ, "ಇಲ್ಲಿ ಬ್ಯಾಡ್ರಿ," ಎಂದಳು.

"ಯಾಕ?"

ರಸ್ತೆ ಕಡೆಯ ಗೋಡೆಯ ಬುಡಕ್ಕೆ ಕರೆದೊಯ್ದು ಬ್ಯಾಟರಿ ಬೆಳಕು ಬಿಟ್ಟಳು. ನೆಲದಿಂದ ಒಂದು ಮೊಳ ಎತ್ತರದಲ್ಲಿ ಕಲ್ಲಿನ ಮೇಲೆ ಬೆಳ್ಳಗಿನ ಗೆರೆ, ಹಿಟ್ಟು ಉದುರಿದಂತೆ. ಬೆರಳಿನಲ್ಲಿ ಉಜ್ಜಿ ನಾಲಿಗೆಗೆ ಹಚ್ಚಿದಳು.

"ಉಪ್ಪು ನೋಡ್ರಿ. ಮಳಿ ಇಲ್ಲದ್ದಕ್ಕ ಗೋಡಿ ಒಣಗ್ಯದ. ಮಳಿ ಬಂದ ವರ್ಷ ನೀರು ಇಲ್ಲಿತನಕ ಏರ್ತದ. ಆಗ ಖಾಲಾಗ ಈ ಹಾಸಗಿ ಮ್ಯಾಲೆ ಮಲಗಸ್ತೀರೇನು?"

ಎರಡು ಸಲ ಆ ಗೋಡೆಯನ್ನು ನಾನು ಅಂಗೈಯಿಂದ ಮುಟ್ಟಿ ನೋಡಿದ್ದೆ. ಒಣಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬರಗಾಲದಲ್ಲಿ ಒಣಗಿರದ ಗೋಡೆ ಎಲ್ಲಿದೆ ಎಂದು ಯೋಚಿಸಿರಲಿಲ್ಲ. ಡಿಪ್ಲೊಮಾದ ಮೂರು ವರ್ಷದಲ್ಲಿ ಗೋಡೆಯ ಉಪ್ಪಿನ ಬಗ್ಗೆ ಪರೀಕ್ಷೆಗೂ ಬರೆದಿದ್ದೆ. ಅಂಕವೂ ಬಂದಿತ್ತು.

"ನೋಡ್ರಿ, ಎಷ್ಟು ಹುಷಾರ್ ಅದಾಳ!" ಎಂದು ಸಾಬರು ನನ್ನ ಕಡೆ ತಿರುಗಿ ಹೇಳಿದರು. ಅವರ ಮುಖದಲ್ಲಿದ್ದ ಆ ಮೆಚ್ಚುಗೆ ನನ್ನ ನಕ್ಷೆಗೆ ಸಿಗಬೇಕಾಗಿತ್ತು.

ಅವಳು ನಿಲ್ಲಿಸಲಿಲ್ಲ. ಹಿಂದಿನ ಗೋಡೆಗೆ ಹೋಗಿ ನಡುವೆ ಅಂಗೈ ಬಡಿದಳು. "ಇಲ್ಲೊಂದು ಬಾಗ್ಲಾ ಹೊಡದ್ರ ಮೆಟ್ಟಿಲದ ಗೊಡವಿನೇ ಬ್ಯಾಡ್ರಿ. ಆಚಿ ಹಿತ್ತಲ ಅದ, ನೆಲ ಗೇಣು ಇಳಕಲ ಅದ ಅಷ್ಟೇ. ಓಣಿ ಸುತ್ತಿ ಆಟೊ ಬಾಗ್ಲಿಗೇ ಬರ್ತದ. ಬಚ್ಚಲ ಪಕ್ಕದ ಗೋಡಿಗಿ ಸರಸ್ರಿ, ಹಾಸಗಿ ಬಾಗ್ಲದ ಹಂತ್ಯಾಕ ತರ್ರಿ."

"ಬಾಗ್ಲದ ಹಂತ್ಯಾಕ ಬಿಸಿಲು ಬಡಿಯಲ್ಲೇನು?" ಎಂದು ನಾನು ಕೇಳಿದೆ. ದನಿ ಗಟ್ಟಿಯಾಗಿತ್ತು.

"ಹಿತ್ತಲದಾಗ ಬೇವಿನ ಗಿಡ ಅದಲ್ರಿ." ಕಿಂಡಿಯತ್ತ ನೋಡುತ್ತ ಹೇಳಿದಳು: "ನಾ ಪುಣಾದಾಗ ನಾಕು ವರ್ಷ ತಳಘರದಾಗ ಬಾಳೇ ಮಾಡೀನ್ರಿ. ಕಟ್ಟೋ ಬಿಲ್ಡಿಂಗ್ ಕೆಳಗ, ಗಾಡಿ ನಿಲ್ಸೋ ಜಾಗಾದಾಗ. ತಂಪು ಇತ್ತರಿ. ಖರೇ ಅಂದ್ರ, ತಂಪಿಲ್ಲದಿದ್ರೂ ನಡೀತದ. ಹೊರಗ ಯಾರರ ಹೋಗೋರು ಬರೋರು ಕಾಣಬೇಕ್ರಿ. ಇಲ್ದಿದ್ರ ಮನಷಾ ಕುಂತಲ್ಲೇ ಕೊಳೀತಾನ."

ಸಾಬರು ನನ್ನನ್ನು ನೋಡಿದರು. "ಆಗ್ತದೇನು ಬೇಟಿ? ಗೋಡಿ ಒಡೀಲಾಕ ಬರ್ತದೇನು?"

ಬರುತ್ತಿತ್ತು. ನಾನೇ ಅಳೆದಿದ್ದೆ. ಗರ್ಡರುಗಳು ಅಡ್ಡಕ್ಕೆ, ಹದಿನಾರು ಅಡಿಯ ಅಗಲಕ್ಕೆ ಕೂತಿದ್ದವು. ಅವುಗಳ ಭಾರವೆಲ್ಲ ಎಡಬಲದ ಗೋಡೆಗಳ ಮೇಲೆ. ಹಿಂದಿನ ಗೋಡೆ ಹೊರುತ್ತಿದ್ದುದು ತನ್ನ ಮೇಲಿನ ಗೋಡೆಯನ್ನಷ್ಟೆ. ಸರಿಯಾದ ಆಸರೆ ಕೊಟ್ಟರೆ ಮೂರೂವರೆ ಅಡಿಯ ಬಾಗಿಲು ಕಷ್ಟವೇನಲ್ಲ. ಇಷ್ಟೆಲ್ಲ ತಲೆಯಲ್ಲಿ ಸ್ಪಷ್ಟವಾಗಿದ್ದಾಗಲೇ ನನ್ನ ಬಾಯಿ ಹೇಳಿತು:

"ಆ ಗೋಡಿಗಿ ಕೈ ಹಚ್ಚಂಗಿಲ್ರಿ ಸಾಬ್. ಮ್ಯಾಲಿನ ಮನಿ ಭಾರ ಪೂರಾ ಅದರ ಮ್ಯಾಲೇ ಅದ."

ಫರಸಿಯವಳು ತಲೆ ಎತ್ತಿ ಸೂರನ್ನು ನೋಡಿದಳು. ಒಂದೊಂದೇ ಗರ್ಡರಿನ ಮೇಲೆ ಅವಳ ಕಣ್ಣು ಈ ಗೋಡೆಯಿಂದ ಆ ಗೋಡೆಗೆ ಹೋದದ್ದನ್ನು ನಾನು ಕಂಡೆ. ಆಮೇಲೆ ನನ್ನನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಮೇಲೆ ಹೋದಳು.

ಬೀದರಿಗೆ ಮರಳುವ ಬಸ್ಸಿನಲ್ಲಿ ನಾನು ಅವಳ ತಪ್ಪುಗಳನ್ನು ಹುಡುಕಿದೆ. ಬಾಗಿಲಿಂದ ಧೂಳು ಬರುತ್ತದೆ, ಹಾವು ಬರಬಹುದು, ಓಣಿಯ ಗದ್ದಲ. ಒಂದೂ ನಿಲ್ಲಲಿಲ್ಲ. ಹಾಸಿಗೆಯನ್ನು ಮಾತ್ರ ರಸ್ತೆ ಗೋಡೆಯಿಂದ ಸರಿಸಿ ಕೋಣೆಯ ನಡುವೆ ಬರೆದು, ಆ ಗೋಡೆಗೆ ನಾಲ್ಕು ಇಂಚು ಬಿಟ್ಟು ಇನ್ನೊಂದು ತೆಳು ಗೋಡೆ, ನಡುವೆ ನೀರು ಹರಿಯಲು ಕಾಲುವೆ, ಗಾಳಿಗೆ ಕಿಂಡಿ ಸೇರಿಸಿದೆ. ಇದು ನನ್ನದು ಎಂದು ನನಗೆ ನಾನೇ ಹೇಳಿಕೊಂಡೆ. ಉಪ್ಪು ತೋರಿಸಿದವಳು ಅವಳು ಎಂಬುದು ಹಾಳೆಯ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ.

ಮೆಟ್ಟಿಲಿನ ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷೆ ಇಟ್ಟುಕೊಂಡೆ. ಅಂಗಳದ ನೆರಳಿನಲ್ಲಿ ಇಟ್ಟಿಗೆ ಪೇರಿಸಿ ಆರು ಇಂಚಿನ ನಾಲ್ಕು ಮೆಟ್ಟಿಲು ಮಾಡಿಸಿ, ಪಕ್ಕದಲ್ಲಿ ಬಿದಿರಿನ ಕಂಬಿ ಕಟ್ಟಿಸಿದೆ. ಖಾಲಾ ಇಳಿಯಬಲ್ಲರು ಎಂದು ಸಾಬರಿಗೆ, ಅದಕ್ಕಿಂತ ಹೆಚ್ಚಾಗಿ ಫರಸಿಯವಳಿಗೆ ತೋರಿಸಬೇಕಾಗಿತ್ತು. ಅವಳು ಮೂಲೆಯಲ್ಲಿ ಕಲ್ಲಿನ ಅಂಚು ಕೆತ್ತುತ್ತ ಕೂತಿದ್ದಳು.

ಖಾಲಾ ದಪ್ಪ ಕನ್ನಡಕದ, ಚುರುಕು ನಾಲಿಗೆಯ ಹೆಂಗಸು. "ನಾ ಏನು ಸರ್ಕಸ್ ಮಾಡಬೇಕೇನು?" ಎಂದು ಗೊಣಗುತ್ತಲೇ ಮೇಲೇರಿ ನಿಂತರು. ಮೊದಲ ಮೆಟ್ಟಿಲು ಇಳಿದರು. ನಾನು ಕೆಳಗೆ ನಿಂತು ಎರಡೂ ಕೈ ಚಾಚಿದ್ದೆ. ಎರಡನೆಯದಕ್ಕೆ ಬಲಗಾಲು ಮುಂದೆ ಬರಲಿಲ್ಲ. ಬೆರಳು ಇಟ್ಟಿಗೆಯ ಅಂಚಿಗೆ ಸಿಕ್ಕಿತು. ಎಡಗೈ ಕಂಬಿಯನ್ನು ಹಿಡಿದೇ ಇತ್ತು, ಮೈ ಮಾತ್ರ ತಿರುಗಿ ನನ್ನ ಮೇಲೆ ಬಂತು. ಇಬ್ಬರೂ ಬಿದ್ದೆವು. ಫರಸಿಯವಳು ಸುತ್ತಿಗೆ ಎಸೆದು ಓಡಿ ಬಂದು ಅವರ ತಲೆ ನೆಲಕ್ಕೆ ಬಡಿಯದ ಹಾಗೆ ಹಿಡಿದಳು.

ಪೆಟ್ಟು ಹೆಚ್ಚಾಗಲಿಲ್ಲ. ಮೊಣಕೈ ತರಚಿತ್ತು. ಆದರೆ ಖಾಲಾ ಅಳತೊಡಗಿದರು. ಅವರು ಅತ್ತದ್ದನ್ನು ನಾನು ಆತನಕ ನೋಡಿರಲಿಲ್ಲ.

"ನನಗ ಆ ತಹಖಾನಾ ಬ್ಯಾಡ," ಎಂದರು. "ಒಂದು ಸಲ ಇಳಿಸಿದ್ರ ನಾ ಮ್ಯಾಲ ಬರಾಂಗಿಲ್ಲ. ಜಿಂದಾ ಇರುವಾಗೇ ಹುಗೀಲತ್ತೀರಿ ನನಗ. ಇಲ್ಲೇ ಬಿಸಿಲಾಗ ಸಾಯ್ತೇನಿ, ಬಿಡ್ರಿ."

ಸಾಬರು ಅವರ ಪಕ್ಕ ನೆಲದ ಮೇಲೆ ಕೂತು, ಚಪ್ಪಲಿ ಬಿಟ್ಟುಹೋದ ಕಾಲನ್ನು ಒರೆಸುತ್ತಿದ್ದರು. ಆ ಕ್ಷಣದಲ್ಲಿ ಫರಸಿಯವಳು 'ಗೋಡೆ ಒಡೆಯಬಹುದು, ಈ ಮೇಡಂ ಸುಳ್ಳು ಹೇಳಿದ್ದಾರೆ' ಎನ್ನುತ್ತಾಳೆಂದು ನಾನು ಕಾದೆ. ಅನ್ನಲಿ ಎಂದೂ ಬಯಸಿದೆ. ಅಂದರೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಖಾಲಾರ ಮೊಣಕೈಗೆ ಅರಿಸಿನ ಹಚ್ಚಿ, ತನ್ನ ಕಲ್ಲಿನ ಹತ್ತಿರ ಹೋಗಿ ಕೂತಳು. ನನ್ನ ಮರ್ಯಾದೆಯನ್ನು ಕೂಡ ಅವಳೇ ಕಾಯುತ್ತಿದ್ದಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ನಾನು ಎದ್ದು ಸೀರೆಯ ಧೂಳು ಕೊಡವಿಕೊಂಡೆ. "ಸಾಬ್, ಹಿಂದಿನ ಗೋಡಿ ಒಡೀಲಾಕ ಬರ್ತದ," ಎಂದೆ.

"ಅಂದು ಬರಾಂಗಿಲ್ಲ ಅಂದಿರಿ?"

"ಬರ್ತದಂತ ನನಗ ಅಂದೂ ಗೊತ್ತಿತ್ತು. ಸುಳ್ಳು ಹೇಳಿದೆ."

"ಯಾಕ ಬೇಟಿ?"

ನನ್ನ ಕಣ್ಣು ಫರಸಿಯವಳ ಕಡೆ ಹೋಯಿತು. ಮೂಲೆಯಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಸಾಬರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಮೂವತ್ತು ವರ್ಷ ರೋಗಿಗಳ ಸಾಲನ್ನು ನೋಡಿದ ಮನುಷ್ಯ. "ಅಚ್ಛಾ," ಎಂದರು. "ಯಾವಾಗ ಶುರು ಮಾಡೋಣು?"

ಬಾಗಿಲ ಮೇಲೆ ಕಾಂಕ್ರೀಟಿನ ತೊಲೆ ಹಾಕುವಂತಿರಲಿಲ್ಲ. ಕಾಂಕ್ರೀಟಿಗೆ ಎರಡು ವಾರ ನೀರು ಕುಡಿಸಬೇಕು. ಓಣಿಗೆ ಟ್ಯಾಂಕರು ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ, ಕೊಡಗಳ ಸಾಲು ಮಸೀದಿ ತಿರುವಿನತನಕ. ಅಲ್ಲಿ ಗೋಡೆಗೆ ನೀರು ಸುರಿದರೆ ಜನ ಸುಮ್ಮನಿರುತ್ತಿರಲಿಲ್ಲ, ಇರಲೂಬಾರದು. ಅದರ ಬದಲು ಹಳೆಯ ಎರಡು ಗರ್ಡರು ಕೂರಿಸುವುದೆಂದು ನಾನು ನಿರ್ಧರಿಸಿದೆ. ಒಂದೂವರೆ ಅಡಿಯ ಗೋಡೆಯನ್ನು ಒಂದೇ ಸಲ ಕೊರೆಯದೆ, ಮೊದಲು ಹೊರಗಿನ ಅರ್ಧ ದಪ್ಪದಲ್ಲಿ ಅಡ್ಡಕ್ಕೆ ತೋಡು ಕೊರೆದು ಒಂದು ಗರ್ಡರು ತೂರಿಸುವುದು. ಅದರ ಮೇಲೆ ಕಲ್ಲಿನ ಚಕ್ಕೆ ಬಡಿದು ಬಿಗಿ ಮಾಡಿ, ಮೂರು ದಿನ ಬಿಟ್ಟು ಒಳಗಿನ ಅರ್ಧ. ಎರಡೂ ಕೂತ ಮೇಲೆ ಕೆಳಗಿನ ಕಲ್ಲು ತೆಗೆಯುವುದು. ಗರ್ಡರಿನ ತುದಿ ಎರಡೂ ಕಡೆ ಒಂಬತ್ತು ಇಂಚು ಗೋಡೆಯೊಳಗೆ ಇರಬೇಕು.

ಇದನ್ನು ಹೇಳುವಾಗ ಫರಸಿಯವಳು ಕೆಲಸ ಬಿಟ್ಟು ಕೇಳಿದಳು. "ಅರ್ಧ ಅರ್ಧ ಯಾಕ್ರಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆಯ ದಪ್ಪ ಬರೆದು ಎರಡು ಸಲ ತಾನೇ ಒಪ್ಪಿಸಿದಳು. ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಹತ್ತಿರ ಇತ್ತಲ್ಲ ಎಂದು ನನಗೆ ಆ ದಿನ ಊಟ ರುಚಿಸಿತು. ಮರುದಿನವೇ ಅವಳು ಅದನ್ನು ಕಲಿತುಬಿಟ್ಟಿದ್ದಳೆಂದು ಬೇಸರವೂ ಆಯಿತು.

ಒಳಗಿನ ಅರ್ಧ ಕೊರೆಯುವಾಗ ಮೇಲಿನ ಗೋಡೆಯಿಂದ ಒಂದು ಕಲ್ಲು ಜಾರಿತು. ಗಾರೆಯಲ್ಲಿ ಕೂದಲೆಳೆಯಷ್ಟು ಸೀಳು ಮೇಲಿನ ಅಡುಗೆಮನೆತನಕ ಹೋಯಿತು. ಕೆಲಸ ನಿಲ್ಲಿಸಿ, ಎರಡು ಕಬ್ಬಿಣದ ಜಾಕು ತರಿಸಿ ಆಸರೆ ಕೊಟ್ಟೆ. ಸೀಳಿನ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ಎರಡು ದಿನ ಕಾದೆವು. ಸೀಳು ಅಗಲವಾದರೆ ಕಾಗದ ಹರಿಯುತ್ತದೆ. ಫರಸಿಯವಳು ತಾಸಿಗೊಮ್ಮೆ ಹೋಗಿ ನೋಡುತ್ತಿದ್ದಳು, ನಾನೂ ಹೋಗುತ್ತಿದ್ದೆ. ಕಾಗದದ ಮುಂದೆ ಇಬ್ಬರೂ ಎದುರಾದಾಗ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕಾಗದ ಹರಿಯಲಿಲ್ಲ.

ಬಚ್ಚಲು ಪಕ್ಕದ ಗೋಡೆಗೆ ಸರಿಯಿತು. ಅಲ್ಲಿಂದ ಹಿಂದಿನ ಗೋಡೆಗೆ ಹನ್ನೆರಡು ಅಡಿ. ಕೊಳವೆಗೆ ನಾಲ್ಕು ಇಂಚು ಇಳಿಜಾರು ಬೇಕು. ಬಚ್ಚಲ ನೆಲ ಎತ್ತರಿಸಿದರೆ ಖಾಲಾರ ಕಾಲು ಎಡವುತ್ತದೆ. ಆದ್ದರಿಂದ ನೆಲ ಅಗೆದು ಕೊಳವೆ ಕೆಳಗೆ ಇಳಿಸಿದೆವು. ಹೊಸ್ತಿಲು ಎಲ್ಲೂ ಇಲ್ಲ. ಹಿತ್ತಿಲಿಗೆ ಆರು ಅಡಿ ಉದ್ದದ ಇಳಕಲು, ಅದಕ್ಕೆ ಗೀರು ಹೊಡೆದ ಒರಟು ಫರಸಿ. ಹಾಸಿಗೆಯ ಜಾಗವನ್ನು ಅವಳು ಮೂರು ಬೇರೆ ಬೇರೆ ಹೊತ್ತಿನಲ್ಲಿ ಮಲಗಿ ನೋಡಿ ಗೊತ್ತು ಮಾಡಿದಳು. ನಾನು ಆ ಜಾಗವನ್ನು ಅಳೆದು ನಕ್ಷೆಯಲ್ಲಿ ಬರೆದೆ.

ಮೇ ತಿಂಗಳ ಕೊನೆಯಲ್ಲಿ ಖಾಲಾ ಆಟೊದಲ್ಲಿ ಓಣಿ ಸುತ್ತಿ ಬಂದು ಇಳಿದರು. ನಾಲ್ಕು ಕಾಲಿನ ಕೋಲು ಊರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಇಳಕಲು ಹತ್ತಿ ಒಳಗೆ ಹೋದರು. ಹಾಸಿಗೆಯ ಮೇಲೆ ಕೂತು, ಬಾಗಿಲಿಂದ ಹಿತ್ತಿಲನ್ನು, ಆಚೆಯ ಓಣಿಯಲ್ಲಿ ಕೊಡ ಹಿಡಿದು ನಿಂತ ಹೆಂಗಸರನ್ನು ನೋಡಿದರು. ಅವರಲ್ಲೊಬ್ಬಳು ಬಗ್ಗಿ ನೋಡಿ, "ಅರೆ, ಬೀಬಿ! ಇಲ್ಲಿ ಹ್ಯಾಂಗ ಬಂದ್ರಿ?" ಎಂದು ಕೂಗಿದಳು. "ನಡಕೊಂತ ಬಂದೀನಿ," ಎಂದರು ಖಾಲಾ, ಓಣಿಗೆಲ್ಲ ಕೇಳುವಂತೆ.

ಫರಸಿಯವಳು ಅದನ್ನು ನೋಡಲು ಇರಲಿಲ್ಲ. ಹಿಂದಿನ ವಾರವೇ ಪುಣೆಗೆ ಹೋಗಿದ್ದಳು. ಅವಳು ಹೋದಾಗ ನನಗೆ ಹಗುರವಾಗಿತ್ತು. ಬಂದವರೆಲ್ಲ ಹೊಗಳುವಾಗ ಪಕ್ಕದಲ್ಲಿ ನಾನೊಬ್ಬಳೇ ಇರುತ್ತೇನಲ್ಲ ಎಂದು.

ಬಂದವರಲ್ಲಿ ನೌಬಾದದ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಅವರ ಮನೆಯಡಿಯಲ್ಲೂ ಅಂಥದೇ ಕೋಣೆ ಇತ್ತು. ಎಲ್ಲ ಸುತ್ತಿ ನೋಡಿ, "ಇದನ್ನ ಪ್ಲಾನ್ ಮಾಡಿದವರು ಯಾರ್ರಿ?" ಎಂದು ಕೇಳಿದರು. ಸಾಬರು ನನ್ನ ಕಡೆ ನೋಡಿದರು. ಉತ್ತರವನ್ನು ನನಗೇ ಬಿಟ್ಟಿದ್ದರು.

"ಗೋಡಿ ಒಡದಿದ್ದು ನಾನು," ಎಂದೆ. "ಪ್ಲಾನ್ ಕುಶನೂರದ ಒಬ್ಬಾಕಿದು. ಫರಸಿ ಹಾಕ್ತಾಳ."

ಅವಳ ನಂಬರು ಕೇಳಿದರು, ಕೊಟ್ಟೆ. ನನಗೇ ಕೆಲಸ ಕೊಟ್ಟಾರು ಎಂಬ ಆಸೆ ಒಳಗಿತ್ತು. ಅವರು ದೀಪಾವಳಿಗೆ ಅವಳು ಬರುವತನಕ ಕಾದರು. ಪರವಾನಗಿಯ ಕಾಗದಕ್ಕೆ ಮಾತ್ರ ನನ್ನ ಹತ್ತಿರ ಬಂದರು.

ಆ ಮನೆ ನನ್ನ ಕೋಣೆಯಿಂದ ಎರಡು ಓಣಿ ದೂರ. ಕೆಲಸ ಮುಗಿದು ಅವಳು ಪುಣೆಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಚೆನ್ನಾಗಿತ್ತು. ಗಾಳಿ ಇತ್ತು, ಬೆಳಕಿತ್ತು. ಅರ್ಧ ತಾಸು ತಪ್ಪು ಹುಡುಕಿದೆ. ಸಿಕ್ಕಿತು. ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಮೇಷ್ಟ್ರ ತಾಯಿಗೆ ಎಂಬತ್ತರ ಮೇಲೆ ವಯಸ್ಸು. ಮನೆಗೆ ನಡೆದು ಬರುವಾಗ ನನಗೆ ನಗು ತಡೆಯಲಾಗಲಿಲ್ಲ.

ಅಂದೇ ಅವಳಿಗೆ ಫೋನು ಮಾಡಿದೆ. ಅವಳ ಹಿಂದೆ ಕಲ್ಲು ಕತ್ತರಿಸುವ ಯಂತ್ರದ ಸದ್ದು ಬರುತ್ತಿತ್ತು.

"ಬಚ್ಚಲ ಬಾಗ್ಲಾ ಒಳಗ ತೆರೀತದ," ಎಂದೆ. "ಮುದುಕಿ ಒಳಗ ಬಿದ್ರ ಬಾಗ್ಲಕ್ಕೇ ಅಡ್ಡ ಬೀಳ್ತಾಳ. ಹೊರಗಿನಿಂದ ಯಾರಿಗೂ ತಗೀಲಾಕ ಬರಾಂಗಿಲ್ಲ."

ಯಂತ್ರದ ಸದ್ದು ದೂರವಾಯಿತು. ಅವಳು ಎಲ್ಲೋ ಪಕ್ಕಕ್ಕೆ ನಡೆದಿರಬೇಕು.

"ಹೌದಲ್ರಿ," ಎಂದಳು ಕಡೆಗೆ. "ನನಗ ಹೊಳೀಲೇ ಇಲ್ಲ. ನಿಮಗ ಹ್ಯಾಂಗ ಹೊಳೀತು?"

ಮಾತು ಮೆತ್ತಗಿತ್ತು, ಆದರೆ ಕೊನೆಯ ಶಬ್ದವನ್ನು ಹಲ್ಲು ಕಚ್ಚಿ ಹೇಳಿದಂತಿತ್ತು. ಅದು ಏನೆಂದು, ಆ ಬೇಸಿಗೆಯಿಡೀ ಅದನ್ನೇ ಹೊತ್ತು ತಿರುಗಿದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಕೀಲುಗಳನ್ನು ಬಿಚ್ಚಿ ಬಾಗಿಲನ್ನು ಹೊರಕ್ಕೆ ತಿರುಗಿಸುವುದು ಹೇಗೆಂದು, ಅವಳು ಕೇಳುವ ಮೊದಲೇ, ನಿಧಾನವಾಗಿ ಹೇಳತೊಡಗಿದೆ.